ಕಪ್ಪು ಸ್ವಿಚ್ಚಿನೊಳಗಿನ ಕಲ್ನಾರು

ಹಳೆಯ ಮನೆಗಳಲ್ಲಿಯೂ ಹಳೆಯ ಶಾಲೆಗಳಲ್ಲಿಯೂ ಮರದ ಹಲಗೆಗೆ ಬಿಗಿದ, ಗುಂಡಗಿನ, ಕಪ್ಪು ಇಲ್ಲವೆ ಕಂದು ಬಣ್ಣದ ವಿದ್ಯುತ್ ಸ್ವಿಚ್ಚುಗಳನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಬಹು ಬೇಗನೆ ಬಂದಿತು. ಶಿವನಸಮುದ್ರದ ನೀರಿನಿಂದ ಉತ್ಪನ್ನವಾದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು; ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದ್ದರಿಂದ ಎರಡು ಮೂರು ತಲೆಮಾರುಗಳು ಒತ್ತಿದ ಗುಂಡಿಗಳು ಇನ್ನೂ ಗೋಡೆಯ ಮೇಲೆಯೇ ಉಳಿದಿರುವ ಕಟ್ಟಡಗಳು ನಮ್ಮಲ್ಲಿ ಅಪರೂಪವೇನೂ ಅಲ್ಲ.

ಈ ಹಳೆಯ ಪ್ಲಾಸ್ಟಿಕ್ ಉಪಕರಣಗಳಲ್ಲಿ ಕೆಲವನ್ನು ತಯಾರಿಸುವಾಗ ಕಲ್ನಾರನ್ನು, ಎಂದರೆ ಆಸ್ಬೆಸ್ಟಾಸನ್ನು, ಬೆರೆಸುತ್ತಿದ್ದರು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂಬುದು ಇಂದು ಸಂದೇಹವಿಲ್ಲದ ಸಂಗತಿ. ಇದನ್ನು ಕೇಳಿದ ಕೂಡಲೆ ಕೆಲವರು, “ಹಾಗಾದರೆ ಅವೆಲ್ಲವನ್ನೂ ಇಂದೇ ಒಡೆದು ಎಸೆಯೋಣ” ಎನ್ನುವರು. ಮತ್ತೆ ಕೆಲವರು, “ಅರವತ್ತು ವರ್ಷ ಏನೂ ಆಗಲಿಲ್ಲ, ಇನ್ನೇನಾದೀತು?” ಎನ್ನುವರು. ಈ ಎರಡು ಮಾತುಗಳೂ ವಿಚಾರಕ್ಕೆ ನಿಲ್ಲತಕ್ಕವಲ್ಲ. ಅದರಲ್ಲಿಯೂ ಮೊದಲನೆಯ ಮಾತಿನಂತೆ ನಡೆದರೆ ಇಲ್ಲದ ಅಪಾಯವನ್ನು ನಾವೇ ಬರಮಾಡಿಕೊಂಡಂತಾಗುವುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಅರಗಿಗೆ ಬದಲಾಗಿ ಬಂದ ವಸ್ತು

ವಿದ್ಯುತ್ತಿನ ಉಪಯೋಗ ಹೆಚ್ಚಿದಂತೆಲ್ಲ, ವಿದ್ಯುತ್ತನ್ನು ಹರಿಯಗೊಡದ ನಿರೋಧಕ ವಸ್ತುಗಳ ಅವಶ್ಯಕತೆಯೂ ಹೆಚ್ಚಿತು. ಮೊದಮೊದಲು ಪಿಂಗಾಣಿ, ಮರ, ರಬ್ಬರುಗಳೊಡನೆ ಅರಗನ್ನೂ ಇದಕ್ಕೆ ಬಳಸುತ್ತಿದ್ದರು. ಅರಗು ಕೀಟಗಳು ಸ್ರವಿಸುವ ಅಂಟು. ಅದರ ಬಹುಭಾಗ ಭಾರತದಿಂದಲೇ ಹೊರದೇಶಗಳಿಗೆ ಹೋಗುತ್ತಿದ್ದಿತು. ಆದರೆ ಪಾಂಡವರ ಅರಗಿನ ಮನೆಯ ಕಥೆಯನ್ನು ಬಲ್ಲವರಿಗೆ ಅರಗಿನ ದೋಷವನ್ನು ಬೇರೆ ಹೇಳಬೇಕಾಗಿಲ್ಲ. ಶಾಖ ತಗುಲಿದರೆ ಅದು ಕರಗುವುದು. ಬೆಂಕಿ ತಗುಲಿದರೆ ಉರಿಯುವುದು.

ಅರಗಿನ ಸ್ಥಾನವನ್ನು ತುಂಬಬಲ್ಲ ಕೃತಕ ವಸ್ತುವೊಂದನ್ನು ಹುಡುಕುತ್ತಿದ್ದವರಲ್ಲಿ ಲಿಯೋ ಬೇಕ್‌ಲ್ಯಾಂಡ್ ಒಬ್ಬರು. ೧೮೬೩ರಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಈ ರಸಾಯನ ವಿಜ್ಞಾನಿ, ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ದ್ರವ್ಯಗಳನ್ನು ಶಾಖ ಹಾಗೂ ಒತ್ತಡಗಳಿಗೆ ಗುರಿಪಡಿಸಿ ಗಟ್ಟಿಯಾದ ರಾಳವೊಂದನ್ನು ಪಡೆದರು. ೧೯೦೭ರಲ್ಲಿ ಅದಕ್ಕೆ ಪೇಟೆಂಟು ಕೋರಿದರು. ೧೯೦೯ರಲ್ಲಿ ಅದನ್ನು ವಿಜ್ಞಾನಿಗಳ ಮುಂದಿಟ್ಟರು. ಅದಕ್ಕೆ ತಮ್ಮ ಹೆಸರಿನಿಂದಲೇ ಬೇಕ್‌ಲೈಟ್ ಎಂಬ ಹೆಸರನ್ನಿತ್ತರು. ಪೂರ್ಣವಾಗಿ ಕೃತಕವಾದ ಪ್ಲಾಸ್ಟಿಕ್ಕುಗಳಲ್ಲಿ ಇದೇ ಮೊದಲನೆಯದು.

ಬೇಕ್‌ಲೈಟಿಗೂ ಇಂದಿನ ಪಾಲಿಥೀನ್ ಚೀಲಕ್ಕೂ ಒಂದು ಮುಖ್ಯವಾದ ವ್ಯತ್ಯಾಸವುಂಟು. ಬೆಲ್ಲವನ್ನು ಎಷ್ಟು ಸಲ ಕಾಯಿಸಿದರೂ ಮತ್ತೆ ಪಾಕವಾಗುವುದು. ಪಾಲಿಥೀನ್ ಈ ಜಾತಿಯದು. ಆದರೆ ಒಮ್ಮೆ ಸುಟ್ಟ ಇಟ್ಟಿಗೆ ಮರಳಿ ಜೇಡಿಮಣ್ಣಾಗಲಾರದು. ಬೇಕ್‌ಲೈಟ್ ಈ ಜಾತಿಯದು. ಅಚ್ಚಿನಲ್ಲಿ ಶಾಖ ತಗುಲಿದಾಗ ಅದರ ಅಣುಗಳು ನಾಲ್ದೆಸೆಗೂ ಕೈಚಾಚಿ ಒಂದನ್ನೊಂದು ಹಿಡಿದು ಬಲೆಯಂತೆ ಹೆಣೆದುಕೊಳ್ಳುವುವು. ಆ ಮೇಲೆ ಎಷ್ಟು ಕಾಯಿಸಿದರೂ ಅದು ಕರಗದು. ತೀರ ಹೆಚ್ಚು ಕಾಯಿಸಿದರೆ ಕರಿಯಾಗುವುದು, ಅಷ್ಟೆ.

ಮರದ ಹಿಟ್ಟು ಮತ್ತು ಕಲ್ಲಿನ ನಾರು

ಬರಿಯ ರಾಳವು ಗಟ್ಟಿಯೇನೋ ಹೌದು, ಆದರೆ ಪೆಡಸು. ಕೈತಪ್ಪಿ ಬಿದ್ದರೆ ಒಡೆಯುವುದು. ಮಣ್ಣಿನ ಗೋಡೆ ಕಟ್ಟುವ ನಮ್ಮ ಹಳ್ಳಿಗರು ಕೆಸರಿಗೆ ಹುಲ್ಲನ್ನು ಸೇರಿಸಿ ತುಳಿಯುವುದುಂಟಷ್ಟೆ. ಹುಲ್ಲಿನ ಎಳೆಗಳು ಮಣ್ಣನ್ನು ಹಿಡಿದಿಟ್ಟುಕೊಂಡು ಬಿರುಕು ಬಿಡದಂತೆ ಕಾಪಾಡುವುವು. ಬೇಕ್‌ಲೈಟ್ ತಯಾರಕರೂ ಇದೇ ಉಪಾಯವನ್ನು ಅನುಸರಿಸಿದರು. ಸಾಮಾನ್ಯ ವಸ್ತುಗಳಿಗೆ ಅವರು ಸೇರಿಸುತ್ತಿದ್ದುದು ನುಣ್ಣಗೆ ಬೀಸಿದ ಮರದ ಹಿಟ್ಟನ್ನು. ಹೆಚ್ಚು ಪೆಟ್ಟು ತಡೆಯಬೇಕಾದಲ್ಲಿ ಹತ್ತಿಯ ಎಳೆಗಳನ್ನು ಸೇರಿಸುತ್ತಿದ್ದರು. ಹೆಚ್ಚು ಶಾಖ ತಡೆಯಬೇಕಾದಲ್ಲಿ ಕಲ್ನಾರನ್ನು ಸೇರಿಸುತ್ತಿದ್ದರು.

ಸ್ವಿಚ್ಚಿಗೆ ಶಾಖವೆಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಸ್ವಿಚ್ಚನ್ನು ಆರಿಸಿದಾಗ ಒಳಗಿನ ಲೋಹದ ತುಂಡುಗಳು ಒಂದರಿಂದೊಂದು ದೂರ ಸರಿಯುವುವು. ಆ ಕ್ಷಣದಲ್ಲಿ ವಿದ್ಯುತ್ತು ನಡುವಣ ಗಾಳಿಯನ್ನು ಸೀಳಿಕೊಂಡು ಹಾಯುವುದು. ಕತ್ತಲೆಯಲ್ಲಿ ಕಾಣುವ ನೀಲಿಯ ಕಿಡಿ ಇದೇ. ಕಣ್ಣು ಮಿಟುಕಿಸುವುದರೊಳಗೆ ಆರಿಹೋಗುವ ಈ ಪುಟ್ಟ ಮಿಂಚಿನ ಉಷ್ಣತೆ ಸಾವಿರಾರು ಡಿಗ್ರಿಗಳಷ್ಟು. ಮರದ ಹಿಟ್ಟು ಸೇರಿದ ಬೇಕ್‌ಲೈಟಿನ ಮೇಲೆ ಇಂತಹ ಕಿಡಿ ಪದೇ ಪದೇ ತಾಗಿದರೆ ಅದು ಕರಿಕಟ್ಟಿ, ಇಂಗಾಲದ ಗೆರೆ ಮೂಡುವುದು. ಇಂಗಾಲವು ವಿದ್ಯುದ್ವಾಹಕ, ನಿರೋಧಕವಾಗಿದ್ದುದೇ ವಿದ್ಯುತ್ತಿಗೆ ದಾರಿಯಾಗುವುದು. ಕಲ್ನಾರಿಗಾದರೋ ಕರಿಕಟ್ಟಲು ಅದರಲ್ಲಿ ಇಂಗಾಲವೇ ಇಲ್ಲ. ಆದ್ದರಿಂದ ಹೆಚ್ಚಿನ ವಿದ್ಯುತ್ತನ್ನು ತಡೆಯುವ ಸ್ವಿಚ್ಚು, ಇಸ್ತ್ರಿಪೆಟ್ಟಿಗೆ ಮತ್ತು ಹೀಟರುಗಳ ಪ್ಲಗ್ಗು, ಬಿಸಿಯಾಗುವ ಬಲ್ಬುಗಳ ಹೋಲ್ಡರು ಮೊದಲಾದುವುಗಳಿಗೆ ಕಲ್ನಾರು ಬೆರೆತ ಬೇಕ್‌ಲೈಟ್ ಯೋಗ್ಯವೆನಿಸಿತು.

ಪ್ಲಾಸ್ಟಿಕ್ಕಿನೊಳಗಲ್ಲದೆ ಬೇರೆಡೆಗಳಲ್ಲಿಯೂ ಕಲ್ನಾರು ಅಡಗಿದ್ದಿತು. ತಂತಿ ಕರಗಿ ಸಂಪರ್ಕ ಕಡಿಯುವ ಹಳೆಯ ಫ್ಯೂಸುಗಳಲ್ಲಿ, ಉರಿ ಹಿಂದಕ್ಕೆ ಹಾರದಂತೆ ಕಲ್ನಾರಿನ ಬಟ್ಟೆಯ ಇಲ್ಲವೆ ಕಾಗದದ ತುಂಡೊಂದನ್ನು ಇಡುತ್ತಿದ್ದರು. ಹೀಟರು ಮತ್ತು ಇಸ್ತ್ರಿಪೆಟ್ಟಿಗೆಗಳ ತಂತಿಗಳಿಗೆ ಕಲ್ನಾರಿನ ನೂಲು ಸುತ್ತುತ್ತಿದ್ದರು. ದೊಡ್ಡ ವಿದ್ಯುತ್ ಕೇಂದ್ರಗಳ ಸ್ವಿಚ್ಚುಗಳಲ್ಲಿ ಕಿಡಿಯನ್ನು ಆರಿಸುವ ಗೂಡುಗಳನ್ನು ಅದರಿಂದಲೇ ಮಾಡುತ್ತಿದ್ದರು. ಆಸ್ಟ್ರೇಲಿಯದಲ್ಲಿ ಮೀಟರುಗಳನ್ನು ಬಿಗಿಯುವ ಕಪ್ಪು ಹಲಗೆಗಳಲ್ಲಿಯೂ ಅದಿದ್ದಿತು. ನಮ್ಮ ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ರಸಾಯನ ಪ್ರಯೋಗಶಾಲೆಯ ತಂತಿಬಲೆ. ಬೀಕರಿನ ಕೆಳಗಿಡುವ ಆ ಬಲೆಯ ನಡುವಣ ಬಿಳಿಯ ವೃತ್ತವು ಹಿಂದೆ ಕಲ್ನಾರಿನದೇ ಆಗಿದ್ದಿತು. ಈಗ ಅದರ ಬದಲು ಪಿಂಗಾಣಿ ಜಾತಿಯ ವಸ್ತುವನ್ನು ಹಚ್ಚಿದ ಬಲೆಗಳು ದೊರೆಯುತ್ತವೆ.

ನಾರಾಗುವ ಕಲ್ಲು

ಕಲ್ನಾರು ಎಂಬ ಕನ್ನಡದ ಹೆಸರು ಬಹು ಅರ್ಥವತ್ತಾದುದು. ಕಲ್ಲೂ ಹೌದು, ನಾರೂ ಹೌದು. ಆಸ್ಬೆಸ್ಟಾಸ್ ಎಂಬ ಗ್ರೀಕ್ ಪದಕ್ಕೆ ಆರದುದು ಎಂದು ಅರ್ಥ. ಇದು ಒಂದೇ ಖನಿಜವಲ್ಲ. ಆರು ಖನಿಜಗಳ ಗುಂಪಿಗೆ ಇಟ್ಟ ಹೆಸರು. ಅವುಗಳಲ್ಲಿ ಬಿಳಿಯ ಕಲ್ನಾರು, ಎಂದರೆ ಕ್ರಿಸೋಟೈಲ್, ಮೆಗ್ನೀಸಿಯಂ ಮತ್ತು ಸಿಲಿಕಾನುಗಳಿಂದಾದುದು. ಅದರ ಪದರಗಳು ಚಾಪೆಯಂತೆ ತಾವಾಗಿಯೇ ಸುತ್ತಿಕೊಂಡು ಟೊಳ್ಳಾದ ಎಳೆಗಳಾಗಿವೆ. ನೀಲಿ ಮತ್ತು ಕಂದು ಕಲ್ನಾರುಗಳು ನೆಟ್ಟಗಿನ ಸೂಜಿಗಳಂತಿವೆ.

ಕಲ್ನಾರಿನ ಅಪಾಯವೆಲ್ಲ ಇರುವುದು ಅದರ ಆಕಾರದಲ್ಲಿ. ಅದನ್ನು ಸೀಳಿದಷ್ಟೂ ಅದು ಉದ್ದಕ್ಕೇ ಸೀಳುತ್ತ ಹೋಗಿ, ಸಣ್ಣದರಿಂದ ಸಣ್ಣದಾಗುವುದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಕ್ರಿಸೋಟೈಲಿನ ಅತ್ಯಂತ ಸೂಕ್ಷ್ಮವಾದ ಎಳೆಯ ದಪ್ಪ ಸುಮಾರು ೦.೦೩ ಮೈಕ್ರಾನ್. ಇಂತಹ ಎರಡು ಸಾವಿರ ಎಳೆಗಳನ್ನು ಪಕ್ಕಪಕ್ಕದಲ್ಲಿಟ್ಟರೂ ಒಂದು ಕೂದಲಿನ ಅಗಲಕ್ಕೆ ಸಾಲದು! ಇವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ಇವುಗಳಿಗೆ ವಾಸನೆಯಿಲ್ಲ, ಕಣ್ಣಿಗೆ ಕಾಣಿಸವು, ಉಸಿರಿನೊಡನೆ ಒಳಹೊಕ್ಕಾಗ ಕೆಮ್ಮನ್ನೂ ತಾರವು.

ಉಸಿರಿನೊಡನೆ ಬಂದ ಸಾಮಾನ್ಯ ಧೂಳಿನ ಬಹುಭಾಗ ಮೂಗು ಗಂಟಲುಗಳಲ್ಲಿಯೇ ನಿಲ್ಲುವುದು. ತೀರ ಒಳಗೆ ಹೋದುದನ್ನು ಭಕ್ಷಕ ಕಣಗಳು ನುಂಗಿ ಹೊರಸಾಗಿಸುವುವು. ಕಲ್ನಾರಿನ ಉದ್ದನೆಯ ಎಳೆಯನ್ನು ನುಂಗಹೊರಟ ಕಣವಾದರೋ ತನ್ನ ಬಾಯಿಗಿಂತ ಉದ್ದವಾದ ಕೋಲನ್ನು ನುಂಗಹೊರಟ ಕಪ್ಪೆಯಂತಾಗುವುದು. ನುಂಗಲೂ ಆರದೆ, ಬಿಡಲೂ ಆರದೆ, ಅದು ತನ್ನೊಳಗಿನ ತೀಕ್ಷ್ಣ ರಸಗಳನ್ನು ಸುತ್ತಲೂ ಚೆಲ್ಲುವುದು. ಎಳೆ ಮಾತ್ರ ಅಲ್ಲಿಯೇ ಉಳಿಯುವುದು. ವರ್ಷಾನುಗಟ್ಟಲೆ ನಡೆಯುವ ಈ ಹೋರಾಟದಿಂದ ಶ್ವಾಸಕೋಶದ ಮೆತ್ತನೆಯ ಭಾಗಗಳು ಗಾಯದ ಕಲೆಯಂತೆ ಗಡುಸಾಗುವುವು. ಜೀವಕಣಗಳ ಒಳಗಿನ ಅನುವಂಶಿಕ ದ್ರವ್ಯಕ್ಕೂ ಪೆಟ್ಟು ಬಿದ್ದರೆ ಏಡಿಗಂತಿ, ಎಂದರೆ ಕ್ಯಾನ್ಸರ್, ತಲೆದೋರಬಹುದು.

ತಡವಾಗಿ ತಿಳಿದ ಸತ್ಯ

ಈ ರೋಗಗಳ ಚರಿತ್ರೆಯನ್ನು ಓದಿದಾಗ ಮನಸ್ಸಿಗೆ ಖೇದವಾಗುವುದು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನ ಕಲ್ನಾರು ಕಾರ್ಖಾನೆಯಲ್ಲಿ ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು ೧೯೨೪ರಲ್ಲಿ ತೀರಿಕೊಂಡಾಗ ಆಕೆಯ ವಯಸ್ಸು ೩೩. ಡಾಕ್ಟರ್ ಕುಕ್ ಎಂಬುವರು ಆಕೆಯ ಶ್ವಾಸಕೋಶಗಳನ್ನು ಪರೀಕ್ಷಿಸಿ ವರದಿ ಬರೆದರು. ೧೯೨೭ರಲ್ಲಿ ಈ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರನ್ನು ಬಳಸಿದರು. ೧೯೩೦ರಲ್ಲಿ ಪ್ರಕಟವಾದ ಮೆರಿವೆದರ್ ಮತ್ತು ಪ್ರೈಸ್ ಅವರ ವರದಿಯಲ್ಲಿ, ಪರೀಕ್ಷಿಸಿದ ೩೬೩ ಕೆಲಸಗಾರರಲ್ಲಿ ೯೫ ಮಂದಿಗೆ ಈ ರೋಗವಿದ್ದುದು ಕಂಡುಬಂದಿತು. ೧೯೫೫ರಲ್ಲಿ ರಿಚರ್ಡ್ ಡಾಲ್ ಅವರು ಕಲ್ನಾರಿನ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೆಂಬುದನ್ನು ತೋರಿಸಿಕೊಟ್ಟರು.

೧೯೬೦ರಲ್ಲಿ ದಕ್ಷಿಣ ಆಫ್ರಿಕದಿಂದ ಮತ್ತೊಂದು ವಾರ್ತೆ ಬಂದಿತು. ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರಿನ ೩೩ ರೋಗಿಗಳ ವಿವರವನ್ನು ವ್ಯಾಗ್ನರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ಅವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕವಿದ್ದಿರಬಹುದೆಂದು ಕಂಡುಬಂದಿತು. ೧೯೬೫ರಲ್ಲಿ ಲಂಡನ್ನಿನ ನ್ಯೂಹೌಸ್ ಮತ್ತು ಥಾಮ್ಸನ್ ಅವರು ಇಂತಹ ೭೬ ರೋಗಿಗಳ ಪೂರ್ವಚರಿತ್ರೆಯನ್ನು ವಿಚಾರಿಸಿದರು. ಅವರಲ್ಲಿ ಒಂಬತ್ತು ಮಂದಿ ಎಂದೂ ಕಾರ್ಖಾನೆಯಲ್ಲಿ ದುಡಿದವರಲ್ಲ. ಕಲ್ನಾರಿನ ಕೆಲಸಗಾರರೊಡನೆ ಒಂದೇ ಮನೆಯಲ್ಲಿ ವಾಸವಾಗಿದ್ದವರು. ಕೆಲಸದ ಬಟ್ಟೆಯ ಮೇಲೆ ಮನೆಗೆ ಬಂದ ಧೂಳೇ ಅವರಿಗೆ ಮೃತ್ಯುವಾಯಿತು.

ಈ ರೋಗಗಳು ಉಸಿರಾಡಿದ ಮರುದಿನವೇ ಬರತಕ್ಕವಲ್ಲ. ಮೀಸೋಥೀಲಿಯೋಮ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ೨೦ರಿಂದ ೫೦ ವರ್ಷಗಳು ಹಿಡಿಯುವುವು. ಇಪ್ಪತ್ತರ ಹರೆಯದಲ್ಲಿ ಮಾಡಿದ ಅಜಾಗರೂಕತೆಯ ಫಲ ಅರವತ್ತರಲ್ಲಿ ದೊರೆಯುವುದು. “ಏನೂ ಆಗಲಿಲ್ಲ” ಎನ್ನುವವರ ವಾದ ನಿಲ್ಲದಿರುವುದು ಇದರಿಂದಲೇ. ಧೂಮಪಾನಿಗಳಿಗಂತೂ ಇಮ್ಮಡಿ ಎಚ್ಚರ ಬೇಕು. ಅಮೆರಿಕದಲ್ಲಿ ಕಲ್ನಾರಿನ ಕೆಲಸಗಾರರನ್ನು ಕುರಿತು ೧೯೭೯ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಲ್ನಾರಿನಿಂದ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು ೫ ಪಟ್ಟು, ಧೂಮಪಾನದಿಂದ ಸುಮಾರು ೧೧ ಪಟ್ಟು ಹೆಚ್ಚಿದ್ದಿತು. ಎರಡೂ ಕೂಡಿದಾಗ ಅದು ೫೦ ಪಟ್ಟನ್ನು ಮೀರಿತು. ಇಲ್ಲಿ ಐದೂ ಹನ್ನೊಂದೂ ಕೂಡಿ ಹದಿನಾರಾಗಲಿಲ್ಲ. ಹೆಚ್ಚು ಕಡಮೆ ಗುಣಿಸಿದಂತಾಯಿತು.

ಬ್ರಿಟನ್ನು ೧೯೮೫ರಲ್ಲಿ ನೀಲಿ ಮತ್ತು ಕಂದು ಕಲ್ನಾರುಗಳನ್ನು, ೧೯೯೯ರಲ್ಲಿ ಬಿಳಿಯದನ್ನೂ ನಿಷೇಧಿಸಿತು. ಆಸ್ಟ್ರೇಲಿಯದ ನಿಷೇಧ ೨೦೦೩ರ ಕೊನೆಯ ದಿನದಿಂದ ಜಾರಿಗೆ ಬಂದಿತು. ಅಮೆರಿಕ ಇನ್ನೂ ಬಳಕೆಯಲ್ಲಿದ್ದ ಬಿಳಿಯ ಕಲ್ನಾರನ್ನು ನಿಷೇಧಿಸುವ ನಿಯಮವನ್ನು ೨೦೨೪ರಲ್ಲಿ ಹೊರಡಿಸಿತು. ಭಾರತದಲ್ಲಿ ೧೯೮೬ರಲ್ಲಿ ಹೊಸ ಗಣಿಗಳಿಗೆ ಗುತ್ತಿಗೆ ಕೊಡುವುದನ್ನು ನಿಲ್ಲಿಸಲಾಯಿತು. ೧೯೯೫ರಲ್ಲಿ ಸುಪ್ರೀಂ ಕೋರ್ಟು, ಕೆಲಸಗಾರನ ಆರೋಗ್ಯವು ಸಂವಿಧಾನವಿತ್ತ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಗಳನ್ನು ದಶಕಗಳ ಕಾಲ ಕಾಪಾಡಬೇಕೆಂದೂ ವಿಧಿಸಿತು. ಆದರೂ ಹೊರದೇಶಗಳಿಂದ ಬರುವ ಬಿಳಿಯ ಕಲ್ನಾರು ನಮ್ಮಲ್ಲಿ ಸಿಮೆಂಟಿನ ಹಾಳೆಗಳ ತಯಾರಿಕೆಗೆ ಇನ್ನೂ ಬಳಕೆಯಾಗುತ್ತಿದೆ.

ಹುತ್ತ ಮತ್ತು ಹಾವು

ಇಷ್ಟನ್ನು ಓದಿದ ಮೇಲೆ ಗೋಡೆಯ ಕಪ್ಪು ಸ್ವಿಚ್ಚನ್ನು ನೋಡಿ ಬೆದರಬೇಕಾಗಿಲ್ಲ. ಹುತ್ತದಲ್ಲಿ ಹಾವಿದ್ದರೂ ಅದು ಹುತ್ತದೊಳಗಿರುವವರೆಗೆ ದಾರಿಹೋಕನಿಗೆ ಭಯವಿಲ್ಲ; ಹುತ್ತಕ್ಕೆ ಕೈ ಹಾಕಿದವನಿಗೆ ಭಯ. ಬೇಕ್‌ಲೈಟಿನಲ್ಲಿ ಕಲ್ನಾರು ಗಟ್ಟಿ ರಾಳದೊಳಗೆ ಹುದುಗಿರುವುದು. ಕೈಯಿಂದ ಮುಟ್ಟಿದರೆ, ಗುಂಡಿಯನ್ನು ಒತ್ತಿದರೆ, ಒದ್ದೆಯ ಬಟ್ಟೆಯಿಂದ ಎಚ್ಚರವಾಗಿ ಒರೆಸಿದರೆ ಎಳೆಗಳು ಹೊರಬರುವ ಸಂಭವ ಅತಿ ಕಡಮೆ. ಮುಟ್ಟಿದರೆ ಉದುರುವ ಹಳೆಯ ಕೊಳವೆ ಹೊದಿಕೆಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಮೇಲಾಗಿ ಸಾಮಾನ್ಯ ಸ್ವಿಚ್ಚುಗಳಲ್ಲಿ ಹೆಚ್ಚಿನವುಗಳಲ್ಲಿ ಇದ್ದುದು ಮರದ ಹಿಟ್ಟೇ ಹೊರತು ಕಲ್ನಾರಲ್ಲ.

ಆದರೆ ಅದೇ ವಸ್ತುವನ್ನು ಬೈರಿಗೆಯಿಂದ ಕೊರೆದರೆ, ಗರಗಸದಿಂದ ಕೊಯ್ದರೆ, ಉಪ್ಪುಕಾಗದದಿಂದ ಉಜ್ಜಿದರೆ, ಸುತ್ತಿಗೆಯಿಂದ ಜಜ್ಜಿದರೆ ಧೂಳೇಳುವುದು. ಆ ಧೂಳಿನಲ್ಲಿ ಕಲ್ನಾರಿದೆಯೆ ಎಂಬುದನ್ನು ಕಣ್ಣಿನಿಂದ ತಿಳಿಯಲಾಗದು. ಬಣ್ಣ, ತೂಕ, ವಾಸನೆಗಳಿಂದಲೂ ತಿಳಿಯದು. ಪ್ರಯೋಗಶಾಲೆಯಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಿಂದ ಇಲ್ಲವೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಮಾತ್ರವೇ ನಿಶ್ಚಯಿಸಬಹುದು. ಫ್ಯೂಸಿನೊಳಗಿನ ಬಟ್ಟೆಯ ತುಂಡು, ತಂತಿಗೆ ಸುತ್ತಿದ ಬಿಳಿಯ ನೂಲು, ಇವು ಪ್ಲಾಸ್ಟಿಕ್ಕಿಗಿಂತ ಹೆಚ್ಚು ಸಂಶಯಾಸ್ಪದ. ಇವುಗಳ ಎಳೆಗಳನ್ನು ಹಿಡಿದಿಡಲು ರಾಳವಿಲ್ಲ, ಹಳತಾದಂತೆ ಉದುರುವುವು.

ಹೀಗಾಗಿ ಹೆಚ್ಚಿನ ಅಪಾಯವಿರುವುದು ಮನೆಯವರಿಗಲ್ಲ, ದಿನವೂ ಹಳೆಯ ಕಟ್ಟಡಗಳನ್ನು ಕೊರೆಯುವ ಕಸುಬುದಾರನಿಗೆ. ಜೂಲಿಯನ್ ಪೀಟೊ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ೧೯೪೦ರ ದಶಕದಲ್ಲಿ ಹುಟ್ಟಿ, ಮೂವತ್ತು ವರ್ಷ ತುಂಬುವ ಮುನ್ನ ಹತ್ತು ವರ್ಷಕ್ಕೂ ಮೇಲ್ಪಟ್ಟು ಆ ಕೆಲಸ ಮಾಡಿದ್ದ ಗಂಡಸರಲ್ಲಿ, ಜೀವಮಾನದಲ್ಲಿ ಮೀಸೋಥೀಲಿಯೋಮ ಬರುವ ಸಂಭವ ಬಡಗಿಗಳಲ್ಲಿ ೧೭ಕ್ಕೆ ೧ರಷ್ಟು, ಎಲೆಕ್ಟ್ರಿಷಿಯನ್ನರಲ್ಲಿಯೂ ಕೊಳಾಯಿ ಕೆಲಸದವರಲ್ಲಿಯೂ ೫೦ಕ್ಕೆ ೧ರಷ್ಟು ಎಂದು ಅವರು ಲೆಕ್ಕ ಹಾಕಿದರು. ಇದೆಲ್ಲವೂ ಸ್ವಿಚ್ಚುಗಳಿಂದ ಬಂದುದೆಂದು ತಿಳಿಯಬಾರದು. ಕಲ್ನಾರಿನ ಹಲಗೆಗಳನ್ನು ಕೊಯ್ದುದು ಅದರಲ್ಲಿ ದೊಡ್ಡ ಕಾರಣ. ಆದರೂ ಯಾವ ಕೈಗಳಿಗೆ ಎಚ್ಚರ ಬೇಕೆಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಮಾಡತಕ್ಕುದು, ಮಾಡಬಾರದುದು

ಸುಸ್ಥಿತಿಯಲ್ಲಿರುವ ಹಳೆಯ ಬೇಕ್‌ಲೈಟ್ ಉಪಕರಣವನ್ನು ಕಲ್ನಾರಿನ ಭಯವೊಂದಕ್ಕಾಗಿ ಕೀಳಬೇಕಾಗಿಲ್ಲ. ಅದನ್ನು ಬದಲಿಸಲು ಇನ್ನೂ ಬಲವಾದ ಕಾರಣ ವಿದ್ಯುತ್ತಿನದೇ. ಬಿರುಕು ಬಿಟ್ಟ ಮೈ, ಸಡಿಲವಾದ ಸಂಪರ್ಕ, ಒಣಗಿ ಪುಡಿಯಾದ ರಬ್ಬರಿನ ತಂತಿ, ಭೂಸಂಪರ್ಕವಿಲ್ಲದ ಸಾಕೆಟ್ಟು, ಇವು ಇಂದೇ ಪ್ರಾಣ ತೆಗೆಯಬಲ್ಲವು. ಆದ್ದರಿಂದ ಇಂತಹವನ್ನು ತಿಳಿದ ಎಲೆಕ್ಟ್ರಿಷಿಯನ್ನನಿಂದ ಬದಲಿಸಬೇಕು. ಕಲ್ನಾರಿರಬಹುದೆಂಬ ಸಂಶಯವನ್ನು ಅವನಿಗೆ ಮುಂದಾಗಿಯೇ ತಿಳಿಸಬೇಕು.

ಕೀಳುವಾಗ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ, ವಿದ್ಯುತ್ತು ನಿಂತಿದೆಯೆಂಬುದನ್ನು ಉಪಕರಣದಿಂದ ಪರೀಕ್ಷಿಸಬೇಕು. ತಿರುಪುಗಳನ್ನು ಬಿಚ್ಚಿ ಇಡೀ ವಸ್ತುವನ್ನು ಒಡೆಯದೆ ತೆಗೆಯಬೇಕು. ಅದನ್ನು ದಪ್ಪನೆಯ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಟ್ಟಿ, ಮತ್ತೊಂದು ಚೀಲದೊಳಗಿಟ್ಟು, ಒಳಗೇನಿದೆಯೆಂದು ಮೇಲೆ ಬರೆಯಬೇಕು. ಅಪಾಯಕರ ತ್ಯಾಜ್ಯವನ್ನು ಸ್ವೀಕರಿಸುವ ವ್ಯವಸ್ಥೆಗೇ ಅದನ್ನು ಒಪ್ಪಿಸಬೇಕು. ವಿದ್ಯುತ್ತು ನಿಂತ ಮೇಲೆ ಬಿದ್ದಿರುವ ಪುಡಿಯನ್ನು ಒದ್ದೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೇ ಹಾಕಬೇಕು. ಪೊರಕೆಯಿಂದ ಗುಡಿಸುವುದು ಸಲ್ಲದು. ಅದು ಕೆಳಗೆ ಬಿದ್ದ ಎಳೆಗಳನ್ನು ಮತ್ತೆ ಗಾಳಿಗೇರಿಸುವುದು. ಮನೆಯ ಸಾಮಾನ್ಯ ವ್ಯಾಕ್ಯೂಮ್ ಯಂತ್ರವೂ ಅಷ್ಟೆ. ಒಂದು ಕಡೆ ಹೀರಿ ಮತ್ತೊಂದು ಕಡೆ ಊದುವುದು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಎಳೆಗಳಿಗೆ ತಡೆಯೇ ಅಲ್ಲ.

ವಿದ್ಯಾರ್ಥಿಗಳಿಗೆ ಎರಡು ಮಾತುಗಳನ್ನು ವಿಶೇಷವಾಗಿ ಹೇಳಬಯಸುತ್ತೇವೆ. ಹಳೆಯ ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲ ಒಳ್ಳೆಯದೇ. ಆದರೆ ಹಳೆಯ ಹೀಟರು, ಇಸ್ತ್ರಿಪೆಟ್ಟಿಗೆ, ಫ್ಯೂಸುಗಳನ್ನು ಆ ಕುತೂಹಲಕ್ಕೆ ಗುರಿಮಾಡಬಾರದು. ಎರಡನೆಯದಾಗಿ, ಇವನ್ನು ಗುಜರಿಗೆ ಹಾಕಿದರೆ ಅಪಾಯ ಕಳೆಯಿತೆಂದು ತಿಳಿಯಬಾರದು. ಒಂದು ಹಿಡಿ ತಾಮ್ರಕ್ಕಾಗಿ ಅವನ್ನು ಜಜ್ಜಿ ಒಡೆಯುವವರು ನಮ್ಮ ನಿಮ್ಮಂತೆಯೇ ಉಸಿರಾಡುವವರು. ಆ ಧೂಳಿನಲ್ಲಿ ಏನಿದೆಯೆಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ರಾಚ್‌ಡೇಲಿನ ಕಾರ್ಖಾನೆಯಲ್ಲಿ ನೂಲುತ್ತಿದ್ದವರಿಗೂ ಯಾರೂ ಹೇಳಿರಲಿಲ್ಲ. ಇಂದು ಹೇಳುವಷ್ಟು ತಿಳಿವಳಿಕೆ ಜಗತ್ತಿಗೆ ಇದೆ. ತಿಳಿದವರು ತಿಳಿಯದವರಿಗೆ ಹೇಳುವುದೊಂದೇ ಈಗ ಉಳಿದಿರುವ ಕೆಲಸ.